ಮೂಕಿ ಚಿತ್ರಕ್ಕೆ ತಬಲಾ ನುಡಿಸಿದ್ದು

ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ 'ಒನ್ ವೀಕ್' ಚಿತ್ರಕ್ಕೆ ಮೊದಲ ಸಲ ತಬಲಾ ನುಡಿಸಿದಾಗ ಮಕ್ಕಳು ಸರಿಯಾಗಿ ನಗಲೇ ಇಲ್ಲ. ತಪ್ಪು ಚಿತ್ರದ್ದಲ್ಲ, ನನ್ನ ಕೈಯದು. ಅದನ್ನು ತಿದ್ದಿಕೊಂಡ ಕಥೆ ಇದು.

ನಮ್ಮ ಧಾರವಾಡದ ಓಣಿಯ ಮಕ್ಕಳಿಗೆ ರಜೆಯಲ್ಲಿ ಏನಾದರೂ ತೋರಿಸಬೇಕಿತ್ತು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟೆವು. ಗೆಳೆಯ ಹಾರ್ಮೋನಿಯಂ ತಂದ. ಮೂಕಿ ಕಾಲದಲ್ಲೂ ಚಿತ್ರಮಂದಿರ ಸದ್ದಿಲ್ಲದೆ ಇರುತ್ತಿರಲಿಲ್ಲ. ಅಮೆರಿಕದಲ್ಲಿ ಪಿಯಾನೋ, ಆರ್ಗನ್ ನುಡಿಸುವವರು ಪರದೆಯ ಮುಂದೆ ಕೂರುತ್ತಿದ್ದರು. ನಮ್ಮಲ್ಲಿ ಹಾರ್ಮೋನಿಯಂ, ತಬಲಾ. ಹಾಗಾಗಿ ನಾವು ಹೊಸದೇನೂ ಮಾಡಲಿಲ್ಲ.

'ಒನ್ ವೀಕ್' 1920ರ ಚಿತ್ರ, ಎರಡೇ ರೀಲಿನದು. ಹೊಸದಾಗಿ ಮದುವೆಯಾದ ಜೋಡಿಗೆ ಪೆಟ್ಟಿಗೆಗಳಲ್ಲಿ ಒಂದು ಮನೆ ಬರುತ್ತದೆ. ನಂಬರ್ ನೋಡಿಕೊಂಡು ಅವರೇ ಜೋಡಿಸಬೇಕು. ಹುಡುಗಿಯ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ಹೊಟ್ಟೆಕಿಚ್ಚಿನಿಂದ ಆ ನಂಬರ್ ತಿದ್ದಿಬಿಡುತ್ತಾನೆ. ಮನೆ ಸೊಟ್ಟಸೊಟ್ಟ. ಮಹಡಿಯ ಬಾಗಿಲು ತೆಗೆದರೆ ಹೊರಗೆ ಬರೀ ಗಾಳಿ. ಬಿರುಗಾಳಿ ಬಂದಾಗ ಇಡೀ ಮನೆ ಬುಗುರಿ ಥರ ತಿರುಗುತ್ತದೆ. ಇದು ಕ್ಯಾಮೆರಾ ಟ್ರಿಕ್ ಅಲ್ಲ. ತಿರುಗುವ ವೇದಿಕೆಯ ಮೇಲೆ ನಿಜವಾಗಿ ಮನೆ ಕಟ್ಟಿ ತಿರುಗಿಸಿದ್ದರು.

ಮೊದಲ ತೊಂದರೆ ವೇಗದ್ದು. ನನಗೆ ಸಿಕ್ಕ ಒಂದು ಪ್ರತಿ ಸುಮಾರು 19 ನಿಮಿಷ, ಇನ್ನೊಂದು ಸುಮಾರು 25. ಎರಡರಲ್ಲೂ ಅದೇ ಚಿತ್ರ! ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಹದಿನಾರೋ ಇಪ್ಪತ್ತೋ ಫ್ರೇಮ್. ಮಾತು ಬಂದ ಮೇಲೆ 24 ಅಂತ ನಿಗದಿಯಾಯಿತು. ಹಳೆಯದನ್ನು ಆ ವೇಗದಲ್ಲಿ ಓಡಿಸಿದರೆ ಎಲ್ಲರೂ ದಡಬಡ ಓಡಾಡುತ್ತಾರೆ. ನಾನು ನಿಧಾನದ ಪ್ರತಿಯನ್ನೇ ಇಟ್ಟುಕೊಂಡೆ. ಅದರಲ್ಲಿ ಕೀಟನ್ ಬೀಳುವ ಮುಂಚೆ ಒಂದು ಕ್ಷಣ ನಿಂತು ಯೋಚಿಸುವುದು ಕಾಣುತ್ತದೆ. ನನಗಂತೂ ಅವನ ಇಡೀ ಹಾಸ್ಯ ಆ ಒಂದು ಕ್ಷಣದಲ್ಲೇ ಇದೆ ಅನಿಸುತ್ತದೆ.

ಈಗ ನನ್ನ ತಪ್ಪಿನ ವಿಷಯ. ಮೊದಲ ದಿನ ಅವನು ಬಿದ್ದಾಗಲೆಲ್ಲ ತಬಲಾ ಜೋಡಿಯ ದೊಡ್ಡದಾದ ಡಗ್ಗಾದ ಮೇಲೆ 'ಧಂ' ಅಂತ ಹೊಡೆದೆ. ಜಾರಿದರೆ ಒಂದು ಗಿಸ್ಸಾ, ಅಂದರೆ ಅಂಗೈ ಒತ್ತಿ ಜಾರಿಸುವ ನಾದ; ಏಟು ಬಿದ್ದರೆ ಒಂದು ತಿಹಾಯಿ, ಅಂದರೆ ಒಂದೇ ನುಡಿ ಮೂರು ಸಲ. ಮಕ್ಕಳು ಪರದೆ ಬಿಟ್ಟು ನನ್ನ ಕೈ ನೋಡತೊಡಗಿದರು. ಮನೆಗೆ ಬಂದು, ಸದ್ದು ಪೂರ್ತಿ ತೆಗೆದು, ಬರೀ ಅವನ ಮುಖ ನೋಡುತ್ತ ಕೂತೆ. ಅವನು ನಗುವುದೇ ಇಲ್ಲ. ಗೋಡೆಗೋಡೆಯೇ ಮೈಮೇಲೆ ಬಿದ್ದು ಕಿಟಕಿಯ ಸಂದಿಯಿಂದ ಪಾರಾದಾಗಲೂ ಮುಖ ಹಾಗೇ ಇರುತ್ತದೆ. (ಇದನ್ನೇ 1928ರಲ್ಲಿ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದಲ್ಲಿ ಎಷ್ಟೋ ದೊಡ್ಡ ಗೋಡೆಯೊಂದಿಗೆ ಮಾಡಿದ. ಅದನ್ನು ನೋಡುವಾಗ ಈಗಲೂ ನನ್ನ ಉಸಿರು ನಿಲ್ಲುತ್ತದೆ.) ಅವನೇ ನಗದಿರುವಾಗ ತಬಲಾ ಯಾಕೆ ನಗಬೇಕು, ಅಲ್ವಾ? ಎರಡನೇ ಸಲ ಸುಮ್ನೆ ಮಧ್ಯ ಲಯದ ಕೆಹರ್ವಾ ಹಿಡಿದೆ, ಎಂಟು ಮಾತ್ರೆಯ ಸರಳ ತಾಳ. ಬಿದ್ದರೂ ಎದ್ದರೂ ಠೇಕಾ, ಅಂದರೆ ತಾಳದ ಮೂಲ ನುಡಿ, ಬದಲಿಸಲಿಲ್ಲ.

ಬದಲಿಸಿದ್ದು ಒಂದೇ ಕಡೆ, ಕೊನೆಗೆ. ಮನೆಯನ್ನು ಬೇರೆ ಜಾಗಕ್ಕೆ ಎಳೆದುಕೊಂಡು ಹೋಗುವಾಗ ಅದು ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ದೂರದಲ್ಲಿ ರೈಲು. ಗಂಡ ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ರೈಲು ಪಕ್ಕದ ಹಳಿಯಲ್ಲಿ ಹೊರಟುಹೋಗುತ್ತದೆ. ಅಬ್ಬಾ ಅನ್ನುವಷ್ಟರಲ್ಲಿ ಇನ್ನೊಂದು ಕಡೆಯಿಂದ ಬಂದ ರೈಲು ಮನೆಯನ್ನು ಚೂರುಚೂರು ಮಾಡುತ್ತದೆ.

ಮೊದಲ ದಿನ ಎರಡೂ ರೈಲಿಗೆ ಅಬ್ಬರಿಸಿ ನುಡಿಸಿ ಎರಡನ್ನೂ ಕೆಡಿಸಿದ್ದೆ. ಈ ಸಲ ಮೊದಲ ರೈಲಿಗೆ ದುಗುನ್ (ಎರಡು ಪಟ್ಟು ವೇಗ), ಆಮೇಲೆ ಚೌಗುನ್ (ನಾಲ್ಕು ಪಟ್ಟು), ಕಡೆಗೆ ತಿಹಾಯಿ. ರೈಲು ಮನೆಯ ಪಕ್ಕ ಬರುವಾಗ ಸರಿಯಾಗಿ ಸಮ್, ತಾಳದ ಮೊದಲ ಪೆಟ್ಟು. ಏನೂ ಆಗಲಿಲ್ಲ. ಹಾರ್ಮೋನಿಯಂ ಒಂದು ನಿರಾಳದ ಸ್ವರ ಹಿಡಿಯಿತು, ನಾನು ಮತ್ತೆ ಮೆಲ್ಲಗೆ ಕೆಹರ್ವಾಕ್ಕೆ ಬಂದೆ. ಎರಡನೇ ರೈಲಿಗೆ ಯಾವ ಸೂಚನೆಯೂ ಕೊಡಲಿಲ್ಲ. ಅದು ಗುದ್ದಿದಾಗ ಎರಡೂ ಕೈ ತಬಲಾದಿಂದ ಎತ್ತಿಬಿಟ್ಟೆ. ಪೂರ್ತಿ ಮೌನ. ಒಂದು ಕ್ಷಣ ಬಿಟ್ಟು ಓಣಿಯೇ ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯರೂ ಸೆರಗು ಬಾಯಿಗೆ ಹಿಡಿದು ನಕ್ಕರು.

ಸಾಮಾನು ಕಟ್ಟುವಾಗ ಒಬ್ಬ ಹುಡುಗ ಬಂದು ಕೇಳಿದ: "ಕಾಕಾ, ಇನ್ನೊಂದು ರೈಲು ಬರ್ತದ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತಪಾ."

"ಮತ್ತ ಯಾಕ ಹೇಳ್ಲಿಲ್ರಿ?"

ಈಗ 1924ರ 'ಶರ್ಲಾಕ್ ಜೂನಿಯರ್' ಕೈಗೆತ್ತಿಕೊಂಡಿದ್ದೇನೆ, ಸುಮಾರು 45 ನಿಮಿಷದ ಚಿತ್ರ. ಅದರಲ್ಲಿ ಕೀಟನ್ ಮೋಟಾರ್‌ಬೈಕಿನ ಹ್ಯಾಂಡಲ್ ಮೇಲೆ ಕೂತು ಹೋಗುತ್ತಾನೆ. ಓಡಿಸುತ್ತಿದ್ದವನು ಹಿಂದೆಲ್ಲೋ ಬಿದ್ದುಹೋಗಿರುತ್ತಾನೆ, ಇವನಿಗೆ ಗೊತ್ತೇ ಇಲ್ಲ. ಅಲ್ಲಿ ಠೇಕಾ ನಿಲ್ಲಿಸಬೇಕೋ, ಬೈಕಿನ ಜೊತೆಗೇ ಓಡಿಸಬೇಕೋ ಅಂತ ದಿನಾ ರಾತ್ರಿ ನುಡಿಸಿ ನೋಡುತ್ತಿದ್ದೇನೆ.