ಉತ್ತರ ಕೊಡದವರನ್ನೂ ಲೆಕ್ಕಕ್ಕೆ ಹಿಡಿಯುವುದು

ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ದೇಶಗಳ ಜನಾಭಿಪ್ರಾಯ ಸಮೀಕ್ಷೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಉತ್ತರ ಕೊಡದವರನ್ನು. ಕೋರ್ಟು, ಪೊಲೀಸು, ಸಂಸತ್ತುಗಳ ಮೇಲೆ ಜಾರ್ಜಿಯಾ ಮತ್ತು ಅರ್ಮೇನಿಯಾದ ಜನ ಎಷ್ಟು ನಂಬಿಕೆ ಇಟ್ಟಿದ್ದಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಅದಕ್ಕೆ ನಾನು ಬಳಸುವುದು ಈ ದೇಶಗಳಿರುವ ಕಾಕಸಸ್ ಪ್ರದೇಶದಲ್ಲಿ ಸುತ್ತುಸುತ್ತಾಗಿ ನಡೆಯುವ ‘ಕಾಕಸಸ್ ಬ್ಯಾರೋಮೀಟರ್’ ಎಂಬ ಸಮೀಕ್ಷೆಯನ್ನು. ಸಿಆರ್‌ಆರ್‌ಸಿ (ಕಾಕಸಸ್ ರಿಸರ್ಚ್ ರಿಸೋರ್ಸ್ ಸೆಂಟರ್ಸ್) ಎಂಬ ಸಂಶೋಧನಾ ಸಂಸ್ಥೆಯವರು ಮನೆಮನೆಗೆ ಹೋಗಿ, ಎದುರು ಕೂತು ಪ್ರಶ್ನೆ ಕೇಳಿ ಸಂಗ್ರಹಿಸುವ ಮಾಹಿತಿ ಇದು. ಮೊದಲು ಅಜರ್‌ಬೈಜಾನ್ ಕೂಡ ಇದರಲ್ಲಿತ್ತು. 2013ರ ಸುತ್ತಿನ ನಂತರ ಆ ದೇಶದ ಡೇಟಾ ಇಲ್ಲ. ಫೈಲುಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುವ ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಫೈಲು ತೆರೆದರೆ ನಂಬಿಕೆಯ ಪ್ರಶ್ನೆಗಳ ಕೆಳಗೆ 1ರಿಂದ 5ರವರೆಗೆ ಅಂಕಿಗಳಿರುತ್ತವೆ. 1 ಎಂದರೆ ಸ್ವಲ್ಪವೂ ನಂಬಿಕೆ ಇಲ್ಲ, 5 ಎಂದರೆ ಪೂರ್ತಿ ನಂಬಿಕೆ, ನಡುವಿನ 3 ಎಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಇವುಗಳ ನಡುವೆ ಮೈನಸ್ ಅಂಕಿಗಳೂ ಸಿಗುತ್ತವೆ. ಮೈನಸ್ 1 ‘ಗೊತ್ತಿಲ್ಲ’, ಮೈನಸ್ 2 ‘ಉತ್ತರಿಸಲು ಇಷ್ಟವಿಲ್ಲ’. ತುಂಬಾ ಜನ ಇವೆರಡನ್ನೂ ತೆಗೆದುಹಾಕಿ ಉಳಿದವರ ಶೇಕಡಾವಾರು ಹಾಕುತ್ತಾರೆ. ನಾನು ತೆಗೆಯುವುದಿಲ್ಲ. ಏಕೆ ಎನ್ನುವುದಕ್ಕೆ ಒಂದು ಕಲ್ಪಿತ ಲೆಕ್ಕ ನೋಡಿ. ನೂರು ಜನರಲ್ಲಿ 30 ಮಂದಿ ಕೋರ್ಟನ್ನು ನಂಬುತ್ತೇವೆ ಎಂದರು, 30 ಮಂದಿ ಇಲ್ಲ ಎಂದರು, 20 ಮಂದಿ ನಡುವೆ ನಿಂತರು, 20 ಮಂದಿ ಬಾಯಿ ಬಿಡಲಿಲ್ಲ. ಮುಂದಿನ ಸುತ್ತಿನಲ್ಲಿ ನಂಬುವವರು ಅದೇ 30. ಇಲ್ಲ ಎನ್ನುವವರು 15ಕ್ಕೆ, ನಡುವಿನವರೂ 15ಕ್ಕೆ ಇಳಿದರು, ಬಾಯಿ ಬಿಡದವರು 40 ಆದರು. ಬಾಯಿ ಬಿಡದವರನ್ನು ಕಳೆದು ಲೆಕ್ಕ ಹಾಕಿದರೆ ನಂಬಿಕೆ ಶೇ. 37.5ರಿಂದ ಶೇ. 50ಕ್ಕೆ ಏರಿತು! ಪತ್ರಿಕೆಯಲ್ಲಿ ಅದೇ ತಲೆಬರಹವೂ ಆಗುತ್ತದೆ. ನಿಜವಾಗಿ ಹೊಸದಾಗಿ ನಂಬಿದವರು ಒಬ್ಬರೂ ಇಲ್ಲ, ದೂರುತ್ತಿದ್ದವರಲ್ಲೂ ನಡುವೆ ನಿಂತವರಲ್ಲೂ ಒಂದಷ್ಟು ಜನ ಸುಮ್ಮನಾಗಿದ್ದಾರೆ ಅಷ್ಟೆ.

ಹಾಗಾಗಿ ನನ್ನ ಪ್ರತಿ ಕೋಷ್ಟಕದಲ್ಲೂ ‘ಗೊತ್ತಿಲ್ಲ’, ‘ಇಷ್ಟವಿಲ್ಲ’ ಎರಡಕ್ಕೂ ಬೇರೆ ಬೇರೆ ಕಾಲಂ ಇರುತ್ತದೆ. ಸಂದರ್ಶನ ಮುಗಿದ ಮೇಲೆ ಸಂದರ್ಶಕರು ತಾವೇ ತುಂಬುವ ಒಂದು ಭಾಗವೂ ಪ್ರಶ್ನಾವಳಿಯ ಕೊನೆಯಲ್ಲಿದೆ: ಮಾತಾಡುವಾಗ ಪಕ್ಕದಲ್ಲಿ ಬೇರೆ ಯಾರಾದರೂ ಇದ್ದರೇ, ಉತ್ತರಿಸಿದವರು ಮನಸ್ಸು ಬಿಚ್ಚಿ ಮಾತಾಡಿದರೇ ಎಂದೆಲ್ಲ. ಸೊಸೆಯ ಬಳಿ ಪ್ರಶ್ನೆ ಕೇಳುವಾಗ ಅತ್ತೆ ಅಲ್ಲೇ ಕೂತಿದ್ದರೆ ಉತ್ತರ ಬೇರೆಯಾಗಬಹುದು ಎಂಬುದನ್ನು ಯಾರೂ ನಮಗೆ ಕಲಿಸಬೇಕಿಲ್ಲ. ಬಾಯಿ ಬಿಡದವರ ಪ್ರಮಾಣವನ್ನು ನಾನು ಸಂದರ್ಶಕರು ತುಂಬಿದ ಈ ಭಾಗದ ಜೊತೆ ಇಟ್ಟು ನೋಡಿಯೇ ಮುಂದಕ್ಕೆ ಹೋಗುವುದು.

ಆದಾಯದ ಪ್ರಶ್ನೆ ನನಗೆ ತುಂಬಾ ಇಷ್ಟ. ರಾಯಚೂರು ಕಡೆಯ ಹಳ್ಳಿಗಳಲ್ಲಿ ನಾನು ಸರ್ವೆ ಮಾಡುವಾಗ ಫಾರ್ಮು ಕಂಡ ಕೂಡಲೇ ‘ಮನಿ ಮಂಜೂರಾಗೈತೇನ್ರೀ ಮೇಡಂ?’ ಎಂದು ಕೇಳುತ್ತಿದ್ದರು. ಸೌಲಭ್ಯ ತಪ್ಪೀತು ಎಂದು ಆದಾಯ ಕಡಿಮೆ ಹೇಳುತ್ತಿದ್ದರು. ಕಾಕಸಸ್‌ನ ತೊಡಕು ಬೇರೆ. 1990ರ ದಶಕದಲ್ಲಿ ಅಲ್ಲಿ ಸಂಬಳವೇ ಸರಿಯಾಗಿ ಸಿಗುತ್ತಿರಲಿಲ್ಲ, ದುಡ್ಡಿನ ಬೆಲೆ ಕುಸಿದಿತ್ತು. ಇಂದಿಗೂ ಎಷ್ಟೋ ಮನೆಗಳು ನಡೆಯುವುದು ರಷ್ಯಾಕ್ಕೋ ಯುರೋಪಿಗೋ ದುಡಿಯಲು ಹೋದವರು ಕಳಿಸುವ ಹಣದಿಂದ, ಹಿತ್ತಲಲ್ಲಿ ಬೆಳೆದ ತರಕಾರಿಯಿಂದ. ತಿಂಗಳಿಗೆ ಎಷ್ಟು ಎಂದು ಕೇಳಿದರೆ ಬರುವ ಉತ್ತರಕ್ಕೆ ಅರ್ಥ ಕಮ್ಮಿ. ಅದಕ್ಕೇ ಅವರು ಇರುವ ಹಣ ಯಾವುದಕ್ಕೆ ಸಾಲುತ್ತದೆ ಎಂದು ಕೇಳುತ್ತಾರೆ. ‘ಊಟಕ್ಕೇ ಸಾಲದು’, ‘ಊಟಕ್ಕೆ ಸಾಕು, ಆದರೆ ಬಟ್ಟೆಗೆ ಸಾಲದು’, ‘ಊಟ ಬಟ್ಟೆಗೆ ಸಾಕು, ಆದರೆ ಫ್ರಿಜ್ಜು ವಾಷಿಂಗ್ ಮೆಷಿನ್ನಿನಂಥದ್ದು ಕೊಳ್ಳಲಾಗದು’, ಹೀಗೆ ಮೇಲಕ್ಕೆ ಹೋಗುತ್ತದೆ. ಅಂಕಿ ಹೇಳಲು ಹಿಂಜರಿಯುವವರೂ ಇದಕ್ಕೆ ಉತ್ತರಿಸುತ್ತಾರೆ. ನಮ್ಮ ಸರ್ವೆಗಳಲ್ಲೂ ಇದನ್ನು ತರಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಅಲ್ಲಿಯ ಡೇಟಾ ಬಳಸುವವರು ವೇಟ್ ಕಡೆಗೂ, ಅಂದರೆ ಉತ್ತರಿಸಿದವರ ಗುಂಪು ಇಡೀ ದೇಶವನ್ನು ಹೋಲುವಂತೆ ಒಬ್ಬೊಬ್ಬರ ಉತ್ತರಕ್ಕೆ ಕೊಡುವ ತೂಕದ ಕಡೆಗೂ, ಗಮನ ಕೊಡಬೇಕು. ಜಾರ್ಜಿಯಾದ 2002ರ ಜನಗಣತಿಯಲ್ಲಿ ಸುಮಾರು 43.7 ಲಕ್ಷ ಜನರಿದ್ದರು, 2014ರಲ್ಲಿ 37.1 ಲಕ್ಷ. ಹಾಗಾಗಿ ಹಳೆಯ ಗಣತಿ ಹಿಡಿದು ಹಾಕಿದ ವೇಟ್ ಆಮೇಲಿನ ಸುತ್ತುಗಳಿಗೆ ಹೊಂದದಿರಬಹುದು. ಜಾರ್ಜಿಯಾ ಸರ್ಕಾರದ ಹಿಡಿತದಲ್ಲಿಲ್ಲದ ಅಬ್ಖಾಜಿಯಾ ಮತ್ತು ದಕ್ಷಿಣ ಒಸೆಟಿಯಾ ಪ್ರದೇಶಗಳು ಸಮೀಕ್ಷೆಯಲ್ಲಿ ಇಲ್ಲ.

ಜನ ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಎಂಬುದರ ಬಗೆಗಿನ ಎಚ್ಚರವನ್ನು ನಾನು ಕಲಿತಿದ್ದು ರಷ್ಯಾದ ಸಮೀಕ್ಷೆಗಾರರನ್ನು ನೋಡಿ. ಸಮಾಜಶಾಸ್ತ್ರಜ್ಞ ಯೂರಿ ಲೆವಾಡಾ ಮುಖ್ಯಸ್ಥರಾಗಿದ್ದ ಜನಾಭಿಪ್ರಾಯ ಕೇಂದ್ರದ ಆಡಳಿತ ಮಂಡಳಿಯನ್ನು 2003ರಲ್ಲಿ ಸರ್ಕಾರ ಬದಲಾಯಿಸಿದಾಗ ಸಿಬ್ಬಂದಿ ಒಟ್ಟಿಗೇ ಹೊರನಡೆದು ಬೇರೆ ಸಂಸ್ಥೆ ಕಟ್ಟಿದರು. ಅದೇ ಇಂದಿನ ಲೆವಾಡಾ ಸೆಂಟರ್. 2016ರಲ್ಲಿ ಸರ್ಕಾರ ಅದಕ್ಕೆ ‘ವಿದೇಶಿ ಏಜೆಂಟ್’ ಎಂಬ ಹಣೆಪಟ್ಟಿ ಹಚ್ಚಿತು. ಆದರೂ ಅವರು ಕೆಲಸ ನಿಲ್ಲಿಸಲಿಲ್ಲ. ಆ ಹಟದ ಬಗ್ಗೆ ನನಗೆ ಅಪಾರ ಗೌರವ.

ಪುಟಿನ್‌ಗೆ ಜನ ಹೇಳುವ ಬೆಂಬಲ ಎಷ್ಟು ನಿಜ ಎಂದು ತಿಳಿಯಲು ಅಮೆರಿಕದ ರಾಜಕೀಯಶಾಸ್ತ್ರಜ್ಞರು 2015ರಲ್ಲಿ ಲೆವಾಡಾದ ಸಮೀಕ್ಷೆಯಲ್ಲಿ ಒಂದು ಪ್ರಯೋಗ ಸೇರಿಸಿದ್ದರು. ಅರ್ಧ ಜನರಿಗೆ ಮೂವರು ನಾಯಕರ ಪಟ್ಟಿ, ಉಳಿದರ್ಧಕ್ಕೆ ಅದೇ ಮೂವರ ಜೊತೆ ಪುಟಿನ್ ಹೆಸರು. ಯಾರನ್ನು ಒಪ್ಪುತ್ತೀರಿ ಎಂದು ಹೇಳಬೇಕಿಲ್ಲ, ಎಷ್ಟು ಮಂದಿಯನ್ನು ಎಂದು ಹೇಳಿದರೆ ಸಾಕು. ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸವೇ ಪುಟಿನ್‌ಗೆ ಇರುವ ಬೆಂಬಲ. ನೇರವಾಗಿ ಕೇಳಿದ್ದಕ್ಕಿಂತ ಅದು ಕಡಿಮೆ ಬಂತು, ಆದರೆ ಅಂತರ ಹತ್ತು ಶೇಕಡಾ ಅಂಶಗಳೊಳಗೇ ಇತ್ತು. ಇಂಥ ಪಟ್ಟಿ ಕೊಟ್ಟಾಗ ಜನ ಕಡಿಮೆ ಎಣಿಸುವ ರೂಢಿಯೂ ಉಂಟು, ಹಾಗಾಗಿ ಆ ಅಂತರವನ್ನೆಲ್ಲ ಭಯದ ಲೆಕ್ಕಕ್ಕೆ ಬರೆಯಲಾಗದು. ‘ಎಲ್ಲರೂ ಹೆದರಿ ಸುಳ್ಳು ಹೇಳುತ್ತಾರೆ’ ಎಂದು ಸರಳವಾಗಿ ಹೇಳಿಬಿಡುವವರಿಗೆ ನಾನು ಇದನ್ನೇ ತೋರಿಸುವುದು.

ಈಗ ನಾನು ಹಿಡಿದಿರುವುದು ಕಾಕಸಸ್ ಬ್ಯಾರೋಮೀಟರಿನ ಇನ್ನೊಂದು ಪ್ರಶ್ನೆ: ಜನ ಮಕ್ಕಳಿದ್ದ ಹಾಗೆ, ಸರ್ಕಾರ ತಂದೆತಾಯಿಯಂತೆ ನೋಡಿಕೊಳ್ಳಬೇಕೋ, ಅಥವಾ ಸರ್ಕಾರ ನೌಕರ, ಜನರೇ ಯಜಮಾನರೋ? 1991ರ ನಂತರ ಹುಟ್ಟಿದವರನ್ನೂ ಸೋವಿಯತ್ ಶಾಲೆಯಲ್ಲಿ ಓದಿದವರನ್ನೂ ಬೇರೆ ಮಾಡಿ, ಸುತ್ತಿನಿಂದ ಸುತ್ತಿಗೆ ಹೋಲಿಸುತ್ತಿದ್ದೇನೆ. ಇಲ್ಲಿಯೂ ಮೈನಸ್ ಅಂಕಿಗಳ ಕಾಲಂ ಹಾಗೇ ಇದೆ.