ಶಾಂಘೈಗೆ ಹೊಸಬರೇ? ಪಂಚಾಂಗ ಹಿಡಿದು ಊರು ಸುತ್ತಿ

ಊರಿಂದ ತಂದ ಪಂಚಾಂಗವನ್ನು ಮೂಲೆಗಿಡಬೇಡಿ. ಚೀನೀ ತಿಂಗಳು ಅಮಾವಾಸ್ಯೆಯ ದಿನ ಶುರುವಾಗಿ 15ಕ್ಕೆ ಹುಣ್ಣಿಮೆ ಮುಟ್ಟುತ್ತದೆ, ಕೆಲವೊಮ್ಮೆ ಒಂದೆರಡು ದಿನ ಹಿಂದುಮುಂದು. ಅವರಿಗೂ ಅಧಿಕ ಮಾಸವಿದೆ. ಅದು ನಮ್ಮದೇ ತಿಂಗಳಿಗೆ ಬೀಳಬೇಕೆಂದಿಲ್ಲ, ಹಾಗಾಗಿ ದೊಡ್ಡ ಹಬ್ಬಗಳನ್ನು ಮೊಬೈಲಿನ ಚೀನೀ ಕ್ಯಾಲೆಂಡರಿನಲ್ಲಿ ತಾಳೆ ನೋಡಿಕೊಳ್ಳಿ.

ಮೊದಲು ‘ಅಲಿಪೇ’ ಎಂಬ ಪಾವತಿ ಆ್ಯಪ್‌ಗೆ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ, ಪಾಸ್‌ಪೋರ್ಟ್ ತೋರಿಸಿ ಗುರುತು ದೃಢಪಡಿಸಿ. ಮೆಟ್ರೋದಿಂದ ಹಣ್ಣಿನ ಅಂಗಡಿಯವರೆಗೆ ಎಲ್ಲವೂ ಕ್ಯೂಆರ್ ಕೋಡ್. ವಿದೇಶಿ ಕಾರ್ಡಿನಲ್ಲಿ ಒಂದೇ ಪಾವತಿ 200 ಯುವಾನ್ ದಾಟಿದರೆ ಶೇ. 3 ಶುಲ್ಕ ಬೀಳುತ್ತದೆ. ಇಲ್ಲಿನ ಬ್ಯಾಂಕ್ ಖಾತೆ ಆದ ಕೂಡಲೇ ಅದಕ್ಕೆ ಬದಲಿಸಿ.

ಸಸ್ಯಾಹಾರಿಗಳು ಲುಂಗ್‌ಹ್ವಾ ದೇವಾಲಯದಿಂದ ಶುರುಮಾಡುವುದು ಒಳ್ಳೆಯದು. ಮೆಟ್ರೋ 11 ಅಥವಾ 12ನೇ ಲೈನ್, ನಿಲ್ದಾಣದ ಹೆಸರೂ ಅದೇ. ಗುಡಿಯ ಮುಂದಿನ ಏಳು ಅಂತಸ್ತಿನ ಪಗೋಡ 977ರಲ್ಲಿ ಕಟ್ಟಿದ್ದು. ಒಳಗೆ ಇಟ್ಟಿಗೆ, ಹೊರಗೆ ಮರದ ಮೊಗಸಾಲೆ. ಮೇಲೆ ಹತ್ತಲು ಬಿಡುವುದಿಲ್ಲ. ಕೆಳಗೆ ನಿಂತು ಸೂರಿನಡಿ ನೋಡಿ: ಒಂದರ ಮೇಲೊಂದು ಕೂತ ಮರದ ತೋಳುಗಳು ಚಾಚಿದ ಮಾಡಿನ ಭಾರವನ್ನು ಕಂಬಕ್ಕೆ ಇಳಿಸುತ್ತವೆ. ಚೀನೀ ಕಟ್ಟಡ ಓದಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಗುಡಿಯ ನೂಡಲ್ಸಿನಲ್ಲಿ ಅಣಬೆ, ಬಿದಿರಿನ ಕಳಲೆ, ಗೋಧಿಯ ಅಂಟಿನ ತುಂಡು ಇರುತ್ತವೆ. ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಭಕ್ತರು ತುಂಬುತ್ತಾರೆ, ಆ ದಿನ ಬೆಳಗ್ಗೆಯೇ ಹೋಗಿ.

ಹೊರಗಿನ ಹೋಟೆಲಿನಲ್ಲಿ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ತುಂಡು ಕಾಣದಿದ್ದರಾಯಿತು ಎಂದುಕೊಂಡು ಸೊಪ್ಪಿಗೆ ಹಂದಿಕೊಬ್ಬು, ಸಿಂಪಿಯ ಸಾಸ್, ಕೋಳಿಪುಡಿ ಹಾಕಿಬಿಡುತ್ತಾರೆ. ‘ಯೋ ಜೂಯೋ ಮಾ?’ (ಹಂದಿಕೊಬ್ಬು ಇದೆಯಾ?) ಎಂದು ಕೇಳಿ. ಉಚ್ಚಾರ ತಪ್ಪುವ ಭಯವಿದ್ದರೆ ಈ ಮೂರನ್ನೂ ಚೀನೀ ಲಿಪಿಯಲ್ಲಿ ಬರೆದು ಫೋನಿನಲ್ಲಿ ತೋರಿಸಿ. ಖಾರದ ಸೋಯಾ ಪನೀರಿನ ‘ಮಾಪೋ ತೋಫು’ವಿನಲ್ಲಿ ಕೊಚ್ಚಿದ ಮಾಂಸ ಇದ್ದೇ ಇರುತ್ತದೆ ಎಂದುಕೊಳ್ಳಿ. ಶಾಂಘೈಯದೇ ಆದ ತಣ್ಣನೆಯ ‘ಸಿಶಿ ಕಾವ್‌ಫು’ ಸಾಮಾನ್ಯವಾಗಿ ಸಸ್ಯಾಹಾರ: ಸ್ಪಂಜಿನಂಥ ಗೋಧಿ ಅಂಟು, ಅಣಬೆ, ಕಡಲೆಕಾಯಿ, ಸಿಹಿ ಸೋಯಾ.

ಹಬ್ಬದ ತಿಂಡಿಗಳಲ್ಲೂ ಇದೇ ಎಚ್ಚರ ಬೇಕು. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್‌ಗೆ ಬರುವ ಹಸಿರು ‘ಚಿಂಗ್‌ತುವಾನ್’, ಅಂಟಕ್ಕಿಯೊಳಗೆ ಕೆಂಪು ಅಲಸಂದೆಯಂಥ ಕಾಳಿನ ಹೂರಣ ತುಂಬಿದ್ದು, ನಮ್ಮ ಕಡುಬಿನ ಹಾಗೆ. ಹೂರಣಕ್ಕೆ ಕೊಬ್ಬು ಬೆರೆಸುವ ರೂಢಿಯಿದೆ. ಹೊಸ ಬಗೆಗಳಲ್ಲಿ ಮೊಟ್ಟೆಯ ಹಳದಿ, ಹಂದಿಮಾಂಸದ ಎಳೆಯೂ ಸೇರಿರುತ್ತವೆ. ಎಂಟನೇ ತಿಂಗಳ ಹುಣ್ಣಿಮೆಯ ಚಂದ್ರಕಜ್ಜಾಯ ಹೆಚ್ಚಿನ ವರ್ಷ ನಮ್ಮ ಭಾದ್ರಪದದಲ್ಲಿ ಬರುತ್ತದೆ. ಶಾಂಘೈಯವರು ಸಾಲುಗಟ್ಟಿ ಕೊಳ್ಳುವ ಬಿಸಿ ಕಜ್ಜಾಯದೊಳಗೆ ಇರುವುದು ಹಂದಿಮಾಂಸವೇ. ಹನ್ನೆರಡನೇ ತಿಂಗಳ ಎಂಟನೇ ದಿನದ ‘ಲಾಬಾ’ ಗಂಜಿಯನ್ನು ಮಾತ್ರ ಕಣ್ಣುಮುಚ್ಚಿ ಕುಡಿಯಬಹುದು: ಗುಡಿಗಳು ಅಕ್ಕಿ, ಕಾಳು, ಖರ್ಜೂರ ಬೇಯಿಸಿ ಹಂಚುತ್ತವೆ. ಅದಾದ ಮೂರು ವಾರಕ್ಕೆ ಹೊಸವರ್ಷ. ಸಣ್ಣ ಅಂಗಡಿಗಳು ಮುಚ್ಚುವ ಮೊದಲೇ ದಿನಸಿ ತುಂಬಿಸಿಡಿ.

ಬಂಡ್ ನದಿದಂಡೆಗೆ ವಾರದ ದಿನ, ಬ್ಯಾಂಕ್ ತೆರೆದಿರುವಾಗ ಹೋಗಿ. 12ನೇ ನಂಬರಿನ 1923ರ ಬ್ಯಾಂಕ್ ಕಟ್ಟಡದ ಪ್ರವೇಶದ್ವಾರದ ಎಂಟು ಮೂಲೆಯ ಗುಮ್ಮಟದಲ್ಲಿ ಎಂಟು ನಗರಗಳ ಮೊಸಾಯಿಕ್ ಇದೆ, ಅದರಲ್ಲಿ ಕಲ್ಕತ್ತೆಯೂ ಒಂದು. 20ನೇ ನಂಬರಿನ ಹಸಿರು ಮಾಡಿನ ಹೋಟೆಲ್ 1929ರದು, ಮುಂಬೈಯಲ್ಲಿ ವ್ಯಾಪಾರ ಬೆಳೆಸಿದ ಸಸೂನ್ ಮನೆತನದವರು ಕಟ್ಟಿಸಿದ್ದು. ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಯ ಸಂಜೆಗಳಲ್ಲಿ ಬಂಡ್‌ಗೆ ಹತ್ತಿರದ ನಾನ್‌ಜಿಂಗ್ ಪೂರ್ವ ರಸ್ತೆ ನಿಲ್ದಾಣದಲ್ಲಿ ರೈಲು ನಿಲ್ಲದೆ ಮುಂದೆ ಹೋಗುವುದುಂಟು. ಅಂಥ ದಿನ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಿರಿ.