ಮೂವತ್ತು ಪೈಸೆಯ ಲೆಕ್ಕ: ಡಿಬಗರ್ ತೋರಿಸುವ ಅಂಕಿಗಳನ್ನು ಓದುವುದು ಹೇಗೆ?

ಸಿ ಭಾಷೆಯಲ್ಲಿ ಒಂದು ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೀರಿ ಎನ್ನಿ. 0.1 ರೂಪಾಯಿಗೆ 0.2 ಕೂಡಿಸಿ, ಮೊತ್ತ 0.3 ಆಯಿತೇ ಎಂದು ಇಫ್ ಹಾಕಿ ಕೇಳಿದರೆ ಇಲ್ಲ ಎನ್ನುತ್ತದೆ. ತೆರೆಯ ಮೇಲೆ ಬೆಲೆ ತೋರಿಸುವ ಪ್ರಿಂಟ್‌ಎಫ್ ಹಾಕಿ ನೋಡಿದರೆ ಮೊತ್ತ, 0.3 ಎರಡೂ 0.300000. ಪ್ರಿಂಟ್‌ಎಫ್‌ಗೆ ನಾವೇನೂ ಹೇಳದಿದ್ದರೆ ಅದು ಬಿಂದುವಿನ ನಂತರ 6 ಅಂಕಿಗಳನ್ನಷ್ಟೇ ತೋರಿಸುತ್ತದೆ. ವ್ಯತ್ಯಾಸ ಇರುವುದು ಅದರಾಚೆ. ಅದನ್ನು ಕಣ್ಣಾರೆ ನೋಡಲು ಜಿಡಿಬಿ ಎಂಬ ಡಿಬಗರ್, ಅಂದರೆ ಓಡುತ್ತಿರುವ ಪ್ರೋಗ್ರಾಂ ಅನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ, ಸಾಕು.

ಹಂತ 1: ಪ್ರೋಗ್ರಾಂ ಅನ್ನು ಡಿಬಗರ್‌ಗೆ ಬೇಕಾದ ಮಾಹಿತಿ ಸೇರಿಸುವ -ಜಿ ಆಯ್ಕೆಯೊಂದಿಗೆ, ಆಪ್ಟಿಮೈಸೇಶನ್ (ವೇಗಕ್ಕಾಗಿ ಕೋಡ್ ಮಾರ್ಪಡಿಸುವುದು) ಇಲ್ಲದೆ ಕಂಪೈಲ್ ಮಾಡಿ. ಇಫ್ ಇರುವ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ (ಇಲ್ಲಿ ನಿಲ್ಲು ಎಂಬ ಗುರುತು) ಇಟ್ಟು ರನ್ ಕೊಡಿ.

ಹಂತ 2: ನಿಂತ ಮೇಲೆ ಪ್ರಿಂಟ್ ಆಜ್ಞೆಯಿಂದ ಎರಡೂ ವೇರಿಯಬಲ್‌ಗಳನ್ನು ನೋಡಿ. ಎರಡೂ ಡಬಲ್ (ದಶಮಾಂಶ ಸಂಖ್ಯೆ ಇಡುವ ಒಂದು ಬಗೆ) ಆಗಿದ್ದರೆ ಮೊತ್ತ 0.30000000000000004 ಎಂದೂ, ನೀವು ಬರೆದ 0.3 ಮಾತ್ರ 0.29999999999999999 ಎಂದೂ ಕಾಣುತ್ತದೆ. ಇದನ್ನು ಡಿಬಗರ್‌ನ ದೋಷ ಎಂದುಕೊಳ್ಳುವವರು ಬಹಳ. ದೋಷವಲ್ಲ, ಅದು ಪ್ರಾಮಾಣಿಕತೆ. ಕಂಪ್ಯೂಟರ್‌ನಲ್ಲಿ ದಶಮಾಂಶ ಸಂಖ್ಯೆಗಳನ್ನು ಇಡುವ ಬಗೆ ಹೇಳುವ 1985ರ ಐಇಇಇ 754 ಮಾನದಂಡದ ಡಬಲ್‌ನಲ್ಲಿ 64 ಬಿಟ್‌ಗಳಿವೆ. ಬೇರೆ ಬೇರೆ ಎರಡು ಡಬಲ್‌ಗಳು ಒಂದೇ ರೀತಿ ಕಾಣದಂತೆ ಬರೆಯಲು 17 ಅಂಕಿಗಳು ಸಾಕು, 16 ಎಲ್ಲ ಕಡೆ ಸಾಲದು. ಅದಕ್ಕೇ ಜಿಡಿಬಿ 17ರವರೆಗೆ ಹೋಗುತ್ತದೆ. ಡಬಲ್‌ಗಿಂತ ಚಿಕ್ಕದಾದ, 32 ಬಿಟ್‌ನ ಫ್ಲೋಟ್ ಎಂಬ ಬಗೆಗೆ 9 ಅಂಕಿ ಸಾಕು, ಅಲ್ಲಿ 0.1 ಎಂಬುದು 0.100000001 ಆಗಿ ಕಾಣುತ್ತದೆ.

ಹಂತ 3: ಇನ್ನು ಬಿಟ್‌ಗಳನ್ನೇ ನೋಡೋಣ. ನನಗೆ ಅತ್ಯಂತ ಇಷ್ಟವಾದ ಹಂತ ಇದು. ಎಕ್ಸ್/ಜಿಎಕ್ಸ್ ಎಂದು ಕೊಟ್ಟು, & ಚಿಹ್ನೆಯ ನಂತರ ವೇರಿಯಬಲ್‌ನ ಹೆಸರು ಬರೆಯಿರಿ. ಮೆಮೊರಿಯಲ್ಲಿರುವುದು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ 9ರ ನಂತರ ಎಯಿಂದ ಎಫ್‌ವರೆಗೆ ಎಣಿಸುವ ಹದಿನಾರರ ಪದ್ಧತಿಯಲ್ಲಿ, ಹಾಗೇ ಬರುತ್ತದೆ. 0.1ಕ್ಕೆ 3ಎಫ್‌ಬಿ, ಆಮೇಲೆ ಸಾಲಾಗಿ 12 ಒಂಬತ್ತುಗಳು, ಕೊನೆಗೊಂದು ಎ. ನಾವು ಮೂರನೇ ಒಂದನ್ನು 0.333 ಎಂದು ಮುಗಿಯದೆ ಬರೆಯುತ್ತಾ ಹೋಗುವಂತೆ, ಎರಡರ ಪದ್ಧತಿಯಲ್ಲಿ ಹತ್ತನೇ ಒಂದೂ ಮುಗಿಯುವುದಿಲ್ಲ. ಒಂಬತ್ತುಗಳ ಸಾಲನ್ನು ಎಲ್ಲೋ ಕತ್ತರಿಸಲೇಬೇಕು. ಕತ್ತರಿಸುವಾಗ ಕೊನೆಯ 9 ಮೇಲಕ್ಕೆ ಸರಿದು ಎ ಆಗಿದೆ. 0.2ರ ಕೊನೆಯಲ್ಲೂ ಅದೇ ಎ. ಅಂದರೆ ಎರಡೂ ಒಂದು ಕೂದಲೆಳೆಯಷ್ಟು ಹೆಚ್ಚು. ಆದರೆ 0.3ಕ್ಕೆ 3ಎಫ್‌ಡಿ, ನಂತರ 13 ಮೂರುಗಳು. ಅದು ಕೆಳಕ್ಕೆ ಸರಿದು ಸ್ವಲ್ಪ ಕಡಿಮೆಯಾಗಿದೆ. ಹೆಚ್ಚಿಗೆ ಹೆಚ್ಚು ಕೂಡಿ ಬಂದ ಮೊತ್ತದ ಕೊನೆಯ ಅಂಕಿ 3ರ ಬದಲು 4. ಇಫ್ ಇಲ್ಲ ಎಂದದ್ದು ಈ ಒಂದು ಅಂಕಿಗೆ.

ಇನ್ನೂ ಆಳಕ್ಕೆ ಇಳಿಯಬೇಕೆಂದರೆ ಜಿಡಿಬಿಯೊಳಗೇ ಪ್ರಿಂಟ್‌ಎಫ್ ಇದೆ. ಬಿಂದುವಿನ ನಂತರ 20 ಸ್ಥಾನ ಕೇಳಿದರೆ 0.1 ಎಂಬುದು 0.10000000000000000555 ಆಗಿ ನಿಲ್ಲುತ್ತದೆ.

ಪೈಥಾನ್ ಬಳಸುವವರಿಗೆ ಗೊಂದಲ ಇನ್ನೊಂದು ಬಗೆಯದು. 3.1ನೇ ಆವೃತ್ತಿಯಿಂದ ಅದು ಅದೇ ಬಿಟ್‌ಗಳಿಗೆ ಮರಳಬಲ್ಲ ಅತಿ ಚಿಕ್ಕ ರೂಪವನ್ನೇ ತೋರಿಸುತ್ತದೆ. ಹಾಗಾಗಿ 0.1 ಚೊಕ್ಕವಾಗಿ ಕಾಣುತ್ತದೆ, 0.1 + 0.2 ಮಾತ್ರ 0.30000000000000004 ಆಗಿಯೇ ಉಳಿಯುತ್ತದೆ. ಒಳಗಿನ ಬಿಟ್‌ಗಳು ಜಿಡಿಬಿಯಲ್ಲಿ ಕಂಡವೇ.

ಹಂತ 4: ತಿದ್ದುವುದು. ಅಂಕಿಗಳನ್ನು ಕತ್ತರಿಸಿ ತೋರಿಸಿಕೊಂಡು ಸುಮ್ಮನಾಗಬೇಡಿ. ಹಣವಾದರೆ ಪೈಸೆಗಳನ್ನೇ ಪೂರ್ಣಾಂಕವಾಗಿ ಇಡಿ: 10 ಕೂಡಿಸು 20, ಸರಿಯಾಗಿ 30. ಅಳತೆಯ ಲೆಕ್ಕವಾದರೆ ಸಮವೇ ಎಂದು ಕೇಳುವ ಬದಲು, ವ್ಯತ್ಯಾಸ ಎಷ್ಟರೊಳಗಿದ್ದರೆ ನಡೆಯುತ್ತದೆ ಎಂದು ನೀವೇ ನಿರ್ಧರಿಸಿ ಅದನ್ನು ಕೇಳಿ.

ಡಿಬಗರ್‌ನಲ್ಲೂ ಇದೇ ಎಚ್ಚರ ಬೇಕು. ಫ್ಲೋಟ್ ವೇರಿಯಬಲ್ 0.1 ಆದಾಗ ನಿಲ್ಲು ಎಂದು ಷರತ್ತಿನ ಬ್ರೇಕ್‌ಪಾಯಿಂಟ್ ಇಟ್ಟರೆ ಅದು ಎಂದೂ ನಿಲ್ಲದು, ಷರತ್ತಿನಲ್ಲಿರುವ 0.1 ಡಬಲ್. ಅದರ ಬೆನ್ನಿಗೆ ಒಂದು ಎಫ್ ಹಚ್ಚಿ 0.1ಎಫ್ ಎಂದು ಕೊಡಿ, ನಿಲ್ಲುತ್ತದೆ.